ನರಗಳ ದಾರಿ ಕಲಿಯೋಕೆ ಹಾಳೆ, ಪೆನ್ನು, ಒಂದು ಪೇಪರ್ ಕ್ಲಿಪ್ ಸಾಕು

ಇಂದ್ರಿಯಗಳ ನರದಾರಿಯನ್ನು ಬಾಯಿಪಾಠ ಮಾಡಿದರೆ ಪರೀಕ್ಷೆ ಮುಗಿದ ಮರುದಿನವೇ ಮರೆತುಹೋಗುತ್ತೆ. ಮೊದಲು ನಿಮ್ಮ ಮೈಮೇಲೇ ಪ್ರಯೋಗ ಮಾಡಿ. ಪುಸ್ತಕದ ಚಿತ್ರ ಆಮೇಲೆ ನೋಡಿ.

ಕಣ್ಣಿನಿಂದ ಶುರು ಮಾಡಿ. ಬಿಳಿ ಹಾಳೆಯಲ್ಲಿ ಒಂದು ಕೂಡಿಸುವ ಗುರುತು ಹಾಕಿ, ಅದರಿಂದ 8 ಸೆಂ.ಮೀ. ಬಲಕ್ಕೆ ಅರ್ಧ ಸೆಂ.ಮೀ. ಅಗಲದ ಕಪ್ಪು ಚುಕ್ಕೆ ಇಡಿ. ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಗುರುತನ್ನೇ ನೋಡುತ್ತಾ ಹಾಳೆಯನ್ನು ನಿಧಾನಕ್ಕೆ ಹತ್ತಿರ ತನ್ನಿ. ಸುಮಾರು 30 ಸೆಂ.ಮೀ. ದೂರದಲ್ಲಿ ಚುಕ್ಕೆ ಮಾಯವಾಗುತ್ತೆ. ಆಗಲಿಲ್ಲ ಅಂದ್ರೆ ನಿಮ್ಮ ಕಣ್ಣು ಚುಕ್ಕೆ ಕಡೆ ಜಾರಿದೆ ಅಂತ ಅರ್ಥ, ಇನ್ನೊಮ್ಮೆ ಮಾಡಿ.

ಯಾಕೆ ಹೀಗೆ? ಕಣ್ಣಿನಿಂದ ಮಿದುಳಿಗೆ ಸುದ್ದಿ ಒಯ್ಯುವ ಆಪ್ಟಿಕ್ ನರದ 10 ಲಕ್ಷದಷ್ಟು ಎಳೆಗಳು ರೆಟಿನಾದಿಂದ (ಕಣ್ಣಿನ ಹಿಂಬದಿಯ ಬೆಳಕು ಹಿಡಿಯುವ ಪದರ) ಹೊರಡುವ ಜಾಗದಲ್ಲಿ ಬೆಳಕು ಹಿಡಿಯುವ ಕೋಶಗಳೇ ಇಲ್ಲ. ಈಗ ಚುಕ್ಕೆಯ ಮೇಲೆ ಹಾದುಹೋಗುವಂತೆ ಉದ್ದಕ್ಕೆ ಒಂದು ಗೆರೆ ಎಳೆದು ಮತ್ತೆ ನೋಡಿ. ಚುಕ್ಕೆ ಹೋಗುತ್ತೆ, ಗೆರೆ ಮಾತ್ರ ತುಂಡಾಗದೆ ಕಾಣುತ್ತೆ. ಅಲ್ಲಿ ಇಲ್ಲದ್ದನ್ನು ಮಿದುಳು ತಾನೇ ತುಂಬಿಸಿಕೊಂಡಿದೆ, ನಮ್ಮನ್ನು ಕೇಳದೇನೇ!

ಅಲ್ಲಿಂದ ಮುಂದೆ ಜಾಸ್ತಿ ಜನ ತಪ್ಪುತ್ತಾರೆ. ಎಡಗಣ್ಣಿನದ್ದೆಲ್ಲ ಬಲ ಮಿದುಳಿಗೆ ಹೋಗುತ್ತೆ ಅಂದುಕೊಳ್ಳುತ್ತಾರೆ. ಹಾಗಲ್ಲ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಮೇಲ್ಗಡೆ ಎರಡೂ ನರಗಳು ಸೇರುತ್ತವೆ, ಅಲ್ಲಿ ಮೂಗಿನ ಕಡೆಯ ಅರ್ಧ ರೆಟಿನಾದ ಎಳೆಗಳು ಮಾತ್ರ ಆಚೆ ದಾಟುತ್ತವೆ, ಕಿವಿ ಕಡೆಯವು ತಮ್ಮ ಬದಿಯಲ್ಲೇ ಉಳಿಯುತ್ತವೆ. ಹಾಗಾಗಿ ಎಡಬದಿಯ ನೋಟ ಎರಡೂ ಕಣ್ಣುಗಳಿಂದ ಬಲ ಮಿದುಳು ಸೇರುತ್ತೆ: ಮೊದಲು ಥಲಮಸ್ (ಮಿದುಳಿನ ನಡುವೆ ಸುದ್ದಿ ದಾಟಿಸುವ ಠಾಣೆ), ಆಮೇಲೆ ತಲೆಯ ಹಿಂಭಾಗ.

ಕನ್ನಡಿ ಮುಂದೆ ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತಟ್ಟನೆ ತೆಗೆಯಿರಿ. ಇಷ್ಟು ಹೊತ್ತೂ ತೆರೆದೇ ಇದ್ದ ಕಣ್ಣಿನ ಪಾಪೆಯೂ ಕುಗ್ಗುತ್ತೆ. ಮಿದುಳಿನಿಂದ ನೇರವಾಗಿ ಹೊರಡುವ ನರಗಳಿಗೆ ಸಂಖ್ಯೆ ಕೊಟ್ಟಿದ್ದಾರೆ: ಬೆಳಕಿನ ಸುದ್ದಿ 2ನೇ ನರದಲ್ಲಿ (ಅದೇ ಆಪ್ಟಿಕ್ ನರ) ಒಳಗೆ ಹೋಗುತ್ತೆ, ಕುಗ್ಗು ಅನ್ನುವ ಅಪ್ಪಣೆ 3ನೇ ನರದಲ್ಲಿ ಎರಡೂ ಕಣ್ಣಿಗೆ ಬರುತ್ತೆ.

ಸ್ಪರ್ಶಕ್ಕೆ ಇನ್ನೊಬ್ಬರು ಬೇಕು. ಪೇಪರ್ ಕ್ಲಿಪ್ ಬಿಡಿಸಿ, ಎರಡು ತುದಿಗಳನ್ನು ಒಟ್ಟಿಗೆ ಮೆಲ್ಲಗೆ ತಾಗಿಸಲು ಹೇಳಿ, ನೀವು ಕಣ್ಣು ಮುಚ್ಚಿರಿ. ಬೆರಳ ತುದಿಯಲ್ಲಿ 2-3 ಮಿ.ಮೀ. ಅಂತರವಿದ್ದರೂ ಎರಡು ಅಂತ ತಿಳಿಯುತ್ತೆ. ಬೆನ್ನಿನ ಮೇಲೆ ಸುಮಾರು 4 ಸೆಂ.ಮೀ. ಬೇಕು. ಬೆರಳಲ್ಲಿ ನರತುದಿಗಳು ಒತ್ತಾಗಿವೆ, ಮಿದುಳಲ್ಲೂ ಅದಕ್ಕೆ ದೊಡ್ಡ ಜಾಗ ಇದೆ.

ಈ ನವಿರು ಸ್ಪರ್ಶ ಬೆನ್ನುಹುರಿಯಲ್ಲಿ ಬಂದ ಬದಿಯಲ್ಲೇ ಏರಿ ಮೆಡುಲ್ಲಾದಲ್ಲಿ (ಬೆನ್ನುಹುರಿ ಮಿದುಳಿಗೆ ಸೇರುವ ಭಾಗ) ಆಚೆ ದಾಟುತ್ತೆ. ನೋವು, ಬಿಸಿ ಹಾಗಲ್ಲ, ಅವು ಬೆನ್ನುಹುರಿ ಹೊಕ್ಕ ಸ್ವಲ್ಪದರಲ್ಲೇ ದಾಟಿಬಿಡುತ್ತವೆ. ಇವೆರಡನ್ನು ಬೇರೆ ಬೇರೆ ಬಣ್ಣದಲ್ಲಿ ಬರೆಯಿರಿ. ನಂತರ ಬೆನ್ನುಹುರಿಯ ಎಡ ಅರ್ಧ ಮಾತ್ರ ಅಲ್ಲಿ ತುಂಡಾಗಿದೆ ಅಂದುಕೊಂಡು ಒಂದು ಅಡ್ಡಗೀಟು ಎಳೆಯಿರಿ: ಆ ಮಟ್ಟದ ಕೆಳಗೆ ಎಡಗಡೆ ನವಿರು ಸ್ಪರ್ಶ ಹೋಗುತ್ತೆ, ನೋವು ತಿಳಿಯದೇ ಹೋಗುವುದು ಬಲಗಡೆ.