ಪಕ್ಕದವರ ವೈಫೈ ನಮ್ಮ ಫೈಲಿಗೆ ಬೇಡ

ಮಾನಿಟರ್ ಮೋಡ್‌ಗೆ (ಅಂದರೆ ಬರೀ ಕೇಳಿಸಿಕೊಳ್ಳುವ ಸ್ಥಿತಿಗೆ) ಹಾಕಿದ ವೈಫೈ ಕಾರ್ಡಿಗೆ ನಮ್ಮದು, ಪಕ್ಕದವರದು ಎಂಬ ಭೇದವಿಲ್ಲ. ಗಾಳಿಯಲ್ಲಿ ಸಿಕ್ಕಿದ್ದನ್ನೆಲ್ಲ ಫೈಲಿಗೆ ತುಂಬಿಕೊಳ್ಳುತ್ತದೆ. ಪೀಣ್ಯದ ಗೋದಾಮೊಂದರ ವೈಫೈ ತೊಂದರೆ ಹುಡುಕುವ ಕೆಲಸ ಒಪ್ಪಿಕೊಂಡಾಗ ನನಗೆ ಮೊದಲು ತಲೆಬಿಸಿ ಆದದ್ದು ಇದೇ. ಅಲ್ಲಿ ಹುಡುಗರು ಕೈಯಲ್ಲಿ ಹಿಡಿದು ಓಡಾಡುವ ಬಾರ್‌ಕೋಡ್ ಸ್ಕ್ಯಾನರುಗಳು ಒಂದು ರ‍್ಯಾಕಿನ ಸಾಲಿನಿಂದ ಇನ್ನೊಂದಕ್ಕೆ ಹೋಗುವಾಗ ವೈಫೈ ಕಳೆದುಕೊಳ್ಳುತ್ತಿದ್ದವು. ಮೇಲಿನ ಮಹಡಿಯಲ್ಲಿ ಬೇರೆ ಕಂಪನಿ, ಗೋಡೆಯಾಚೆ ಇನ್ನೊಂದು, ಎದುರಿಗೊಂದು ಪಿಜಿ. ಮಾಲೀಕರು ಬರೆದುಕೊಟ್ಟ ಅನುಮತಿ ಪತ್ರ ಅವರ ನೆಟ್‌ವರ್ಕಿಗೆ ಮಾತ್ರ. ಪಿಜಿ ಹುಡುಗರ ಫೋನುಗಳ ಮಾತು ಕೇಳಿಸಿಕೊಳ್ಳಲು ಅವರು ಹೇಗೆ ಅನುಮತಿ ಕೊಟ್ಟಾರು?

ಇದು ಅತಿ ಜಾಗ್ರತೆ ಅನ್ನುವವರಿಗೆ ನಾನು ಗೂಗಲ್ಲಿನ ಕಥೆ ಹೇಳುತ್ತೇನೆ. ಸ್ಟ್ರೀಟ್ ವ್ಯೂ ಕಾರುಗಳು ವೈಫೈ ಹೆಸರು, ವಿಳಾಸಗಳ ಜತೆಗೆ ಪಾಸ್‌ವರ್ಡ್ ಇಲ್ಲದ ನೆಟ್‌ವರ್ಕುಗಳ ಒಳಗಿನ ಡೇಟಾವನ್ನೂ ಉಳಿಸಿಕೊಂಡಿದ್ದವು ಎಂದು ಆ ಕಂಪನಿ 2010ರ ಮೇ ತಿಂಗಳಲ್ಲಿ ಒಪ್ಪಿಕೊಂಡಿತು. ನಕ್ಷೆಯ ಕೆಲಸಕ್ಕೆ ಬೇಕಿದ್ದದ್ದು ಫ್ರೇಮಿನ (ವೈಫೈಯಲ್ಲಿ ಸಾಗುವ ಒಂದೊಂದು ತುಣುಕಿನ) ಹೆಡರ್, ಅಂದರೆ ವಿಳಾಸಗಳಿರುವ ಮೊದಲ ಭಾಗ, ಅಷ್ಟೇ. ಉಳಿದದ್ದನ್ನು ಅಲ್ಲೇ ಕತ್ತರಿಸಿ ಬಿಸಾಡಿದ್ದರೆ ದೇಶದೇಶಗಳಲ್ಲಿ ವಿಚಾರಣೆ ಎದುರಿಸುವ ಪ್ರಮೇಯವೇ ಬರುತ್ತಿರಲಿಲ್ಲ.

ಮೊದಲ ಬೇಲಿ ಚಾನೆಲ್. ಗೋದಾಮಿನ ಎರಡು ಆಕ್ಸೆಸ್ ಪಾಯಿಂಟುಗಳು (ವೈಫೈ ಹಂಚುವ ಪೆಟ್ಟಿಗೆಗಳು) 5 ಗಿಗಾಹರ್ಟ್ಸ್‌ನಲ್ಲಿ, 36 ಮತ್ತು 44ನೇ ಚಾನೆಲ್‌ಗಳಲ್ಲಿದ್ದವು. ಎಷ್ಟೋ ಜನ ಕಾರ್ಡನ್ನು ಚಾನೆಲ್‌ನಿಂದ ಚಾನೆಲ್‌ಗೆ ಜಿಗಿಯಲು ಬಿಟ್ಟುಬಿಡುತ್ತಾರೆ. ಆಗ ಊರವರದ್ದೆಲ್ಲ ಚೂರುಚೂರು ಸಿಗುತ್ತದೆ, ನಮಗೆ ಬೇಕಾದ ಗಳಿಗೆ ಮಾತ್ರ ತಪ್ಪಿಹೋಗಿರುತ್ತದೆ. ನಾನು ಎರಡು ಯುಎಸ್‌ಬಿ ಕಾರ್ಡು ಹಾಕಿ, ಒಂದೊಂದನ್ನು ಒಂದೊಂದು ಚಾನೆಲ್‌ಗೆ ಕಟ್ಟಿಹಾಕಿದೆ. ಸ್ಕ್ಯಾನರ್ ಒಂದನ್ನು ಬಿಟ್ಟು ಇನ್ನೊಂದಕ್ಕೆ ಜಿಗಿಯುವುದು ಎರಡೂ ಕಡೆಯಿಂದ ಕಾಣಬೇಕಲ್ಲ.

ಎರಡನೆಯದು ವಿಳಾಸದ ಫಿಲ್ಟರ್. ಇಲ್ಲಿ ಸ್ವಲ್ಪ ನಿಧಾನಿಸಬೇಕು. ಆಕ್ಸೆಸ್ ಪಾಯಿಂಟಿನ ಬಿಎಸ್‌ಎಸ್‌ಐಡಿಯನ್ನು (ಅದರ ರೇಡಿಯೋ ವಿಳಾಸವನ್ನು) ಫ್ರೇಮಿನ ಮೂರನೇ ವಿಳಾಸದ ಜಾಗದಲ್ಲಿ ಹುಡುಕುವ ಫಿಲ್ಟರ್ ಹಾಕಿದರೆ, ಆಕ್ಸೆಸ್ ಪಾಯಿಂಟ್ ತನ್ನ ಇರವನ್ನು ಸಾರುವ ಬೀಕನ್‌ಗಳೇನೋ ಚೆನ್ನಾಗಿ ಸಿಗುತ್ತವೆ, ಆದರೆ ತಲುಪಿತು ಎಂದು ತಿಳಿಸುವ ಅಕ್ನಾಲೆಜ್‌ಮೆಂಟ್ ಫ್ರೇಮುಗಳು ಒಂದೂ ಉಳಿಯುವುದಿಲ್ಲ. ಆ ಪುಟ್ಟ ಫ್ರೇಮಿನಲ್ಲಿ ಇರುವುದು ಒಂದೇ ವಿಳಾಸ, ಯಾರಿಗೆ ಹೋಗಬೇಕೋ ಅವರದ್ದು. ಕಳಿಸಿದವರು ಯಾರು ಎಂಬುದೂ ಅದರಲ್ಲಿ ಇರುವುದಿಲ್ಲ. ಉತ್ತರ ಬಂತೋ ಇಲ್ಲವೋ ಎಂಬುದೇ ಪ್ರಶ್ನೆಯಾಗಿರುವಾಗ ಅಕ್ ಇಲ್ಲದ ಕ್ಯಾಪ್ಚರ್ (ಹಿಡಿದ ಫ್ರೇಮುಗಳ ಫೈಲ್) ಕಟ್ಟಿಕೊಂಡು ಏನು ಮಾಡುವುದು? ಹಾಗಾಗಿ ಎರಡೂ ಆಕ್ಸೆಸ್ ಪಾಯಿಂಟುಗಳ ಮತ್ತು ಪರೀಕ್ಷೆಗೆಂದು ಇಟ್ಟುಕೊಂಡ ಒಂದು ಸ್ಕ್ಯಾನರಿನ ವಿಳಾಸಗಳು ಮೊದಲನೇ ಅಥವಾ ಎರಡನೇ ವಿಳಾಸದ ಜಾಗದಲ್ಲಿ ಇದ್ದರೆ ಮಾತ್ರ ಉಳಿಸು ಎಂದು ಬರೆದೆ. ಇದನ್ನು ಕ್ಯಾಪ್ಚರ್ ಫಿಲ್ಟರಾಗಿಯೇ, ಅಂದರೆ ಉಳಿಸುವ ಮೊದಲೇ ಸೋಸುವಂತೆ, ಹಾಕಬೇಕು. ಫ್ರೇಮುಗಳನ್ನು ಬಿಚ್ಚಿ ತೋರಿಸುವ ವೈರ್‌ಶಾರ್ಕ್ ತಂತ್ರಾಂಶದ ಡಿಸ್‌ಪ್ಲೇ ಫಿಲ್ಟರ್ ಪಕ್ಕದವರ ಫ್ರೇಮನ್ನು ಪರದೆಯಿಂದ ಮರೆಮಾಡುತ್ತದೆಯೇ ಹೊರತು ಫೈಲಿನಿಂದ ಅಳಿಸುವುದಿಲ್ಲ.

ಮೂರನೆಯದು ಉದ್ದ, ಅಂದರೆ ಪ್ರತಿ ಫ್ರೇಮಿನ ಎಷ್ಟು ಬೈಟ್ ಉಳಿಸಿಕೊಳ್ಳಬೇಕು ಎಂಬುದು, ನನಗೆ ತುಂಬಾ ಇಷ್ಟವಾದ ಬೇಲಿ. ಪಾಸ್‌ವರ್ಡ್ ರಕ್ಷಣೆಯ ಡಬ್ಲ್ಯುಪಿಎ2 ನೆಟ್‌ವರ್ಕಿನಲ್ಲಿ ಸ್ಕ್ಯಾನರ್ ಮತ್ತು ಆಕ್ಸೆಸ್ ಪಾಯಿಂಟ್ ಸೇರುವಾಗ ಪರಸ್ಪರ ಗುರುತಿಸಿಕೊಳ್ಳುವ ನಾಲ್ಕು ಸಂದೇಶಗಳ ಹ್ಯಾಂಡ್‌ಶೇಕ್ ಫೈಲಿನಲ್ಲಿ ಕೂತಿತೆಂದರೆ, ಆ ಫೈಲ್ ಯಾರ ಕೈಗೆ ಸಿಕ್ಕರೂ ಅವರು ಮನೆಯಲ್ಲಿ ಕೂತು ಪಾಸ್‌ವರ್ಡ್ ಊಹಿಸುತ್ತಾ ಹೋಗಬಹುದು. ನನಗೆ ಬೇಕಿದ್ದದ್ದು ಯಾವ ಸಂದೇಶ ಹೋಯಿತು, ಯಾವುದು ಮತ್ತೆ ಮತ್ತೆ ಹೋಯಿತು ಎಂಬುದು. ಅದನ್ನು ಹೇಳುವ ಬಿಟ್‌ಗಳು ಮತ್ತು ರೀಪ್ಲೇ ಕೌಂಟರ್ (ಸಂದೇಶದ ಸರಣಿ ಸಂಖ್ಯೆ) ಸಂದೇಶದ ಶುರುವಿನಲ್ಲೇ ಬರುತ್ತವೆ. ಪಾಸ್‌ವರ್ಡ್ ಮುರಿಯಲು ಬೇಕಾಗುವ ನಾನ್ಸ್ (ಒಮ್ಮೆ ಮಾತ್ರ ಬಳಸುವ ಯಾದೃಚ್ಛಿಕ ಸಂಖ್ಯೆ) ಮತ್ತು ಎಂಐಸಿ (ಸಂದೇಶ ಅಸಲಿಯೇ ಎಂದು ತೋರುವ ಮುದ್ರೆ) ಅದರ ನಂತರ. ಪ್ರತಿ ಫ್ರೇಮಿನ ಮುಂದೆ ಕಾರ್ಡಿನ ಕಡೆಯಿಂದ ಸೇರುವ ರೇಡಿಯೋಟ್ಯಾಪ್ ಹೆಡರಿನ ಉದ್ದ ಕಾರ್ಡಿನಿಂದ ಕಾರ್ಡಿಗೆ ಬದಲಾಗುವುದರಿಂದ ಮೊದಲು ಒಂದು ಫ್ರೇಮನ್ನು ಬಿಚ್ಚಿ ಬೈಟ್ ಎಣಿಸಿ, ರೀಪ್ಲೇ ಕೌಂಟರ್ ಮುಗಿಯುವ ಜಾಗಕ್ಕೆ ಸರಿಯಾಗಿ ಕತ್ತರಿ ಹಾಕಿದೆ. ನನ್ನ ಕಾರ್ಡಿನಲ್ಲಿ ಅದು ನೂರು ಬೈಟಿನ ಆಸುಪಾಸು. ಬೀಕನ್‌ಗಳ ಬಾಲ ಹೋಗುತ್ತದೆ, ಹೋಗಲಿ. ಸ್ಕ್ಯಾನರ್ ಮಾರಿದವರ ಸಪೋರ್ಟಿನವರು ಪೂರ್ತಿ ಕ್ಯಾಪ್ಚರ್ ಬೇಕು ಎಂದು ಪಟ್ಟು ಹಿಡಿದರು. ತಾತ್ಕಾಲಿಕವಾಗಿ ಬೇರೆ ಹೆಸರು, ಬೇರೆ ಪಾಸ್‌ವರ್ಡಿನ ನೆಟ್‌ವರ್ಕ್ ಮಾಡಿ ಅದರದ್ದನ್ನು ಕಳಿಸಿದೆ.

ಇನ್ನು ದೂರ. ಕಾರ್ಡುಗಳ ಹೊರ ಆಂಟೆನಾ ಬಿಚ್ಚಿಟ್ಟು, ಲ್ಯಾಪ್‌ಟಾಪನ್ನು ಆಕ್ಸೆಸ್ ಪಾಯಿಂಟಿನ ಕೆಳಗೆ ಏಣಿಯ ಮೇಲೆ ಇಟ್ಟು ನೋಡಿದೆ. ಕಾರ್ಡು ಬರೀ ಕೇಳುತ್ತಿರುವಾಗ ಆಂಟೆನಾ ಇಲ್ಲದಿದ್ದರೆ ಅದಕ್ಕೇನೂ ಕೆಡುಕಿಲ್ಲ, ಮೇಲಿನ ಮಹಡಿಯ ಸದ್ದು ಬಹುಪಾಲು ಅಡಗಿತು. ಆದರೆ ಸ್ಕ್ಯಾನರಿನ ದನಿಯೂ ಜತೆಗೇ ಅಡಗಿತು! ನನಗೆ ಬೇಕಾದ ಸಾಕ್ಷಿ ಅದೇ ಕ್ಷೀಣ ದನಿಯಲ್ಲಿ ಇದ್ದುದರಿಂದ ಆಂಟೆನಾ ವಾಪಸ್ ಹಾಕಿದೆ. ಸಂಕೇತದ ಬಲ ಇಂತಿಷ್ಟು ಡಿಬಿಎಂಗಿಂತ ಕಡಿಮೆ ಇದ್ದರೆ ಬಿಸಾಡು ಎಂಬ ನಿಯಮವನ್ನೂ ಇದೇ ಕಾರಣಕ್ಕೆ ನಾನು ಇಡುವುದಿಲ್ಲ. ವಿಳಾಸದ ಫಿಲ್ಟರ್ ಇದ್ದಮೇಲೆ ಪಕ್ಕದವರ ಗೊಡವೆ ಹೇಗೂ ತಪ್ಪಿರುತ್ತದೆ.

ಫೈಲ್ ಇಷ್ಟು ಸಣ್ಣದಾದ ಮೇಲೆ ರೋಗ ಕಣ್ಣಿಗೆ ಬೀಳಲು ಹೊತ್ತು ಹಿಡಿಯಲಿಲ್ಲ. ಆಕ್ಸೆಸ್ ಪಾಯಿಂಟ್ ಮೂರನೇ ಸಂದೇಶ ಕಳಿಸುತ್ತದೆ, ಉತ್ತರವಿಲ್ಲ. ಮತ್ತೆ ಕಳಿಸುತ್ತದೆ, ಉತ್ತರವಿಲ್ಲ. ಕೊನೆಗೆ ಕಾರಣ ಸಂಖ್ಯೆ 15 ಹಾಕಿ ಸ್ಕ್ಯಾನರನ್ನು ಹೊರದಬ್ಬುತ್ತದೆ. ಹ್ಯಾಂಡ್‌ಶೇಕ್ ಸಮಯ ಮೀರಿತು ಎಂದು ಅದರರ್ಥ. ಅದೇ ನಡೆಯನ್ನು ಲ್ಯಾಪ್‌ಟಾಪ್ ಸ್ಕ್ಯಾನರಿನ ಪಕ್ಕ ಇಟ್ಟು ಹಿಡಿದಾಗ, ಸ್ಕ್ಯಾನರ್ ನಾಲ್ಕನೇ ಸಂದೇಶವನ್ನು ಪ್ರತಿ ಸಲವೂ ಕಳಿಸುತ್ತಿತ್ತು! ಆಕ್ಸೆಸ್ ಪಾಯಿಂಟ್ 23 ಡಿಬಿಎಂನಲ್ಲಿ, ಅಂದರೆ ಸುಮಾರು 200 ಮಿಲಿವ್ಯಾಟ್‌ನಲ್ಲಿ ಕೂಗುತ್ತಿತ್ತು. ಪುಟ್ಟ ಬ್ಯಾಟರಿಯ ಸ್ಕ್ಯಾನರಿಗೆ ಅಷ್ಟು ಗಂಟಲಿಲ್ಲ. ಅವನ ಮಾತು ಇವನಿಗೆ ಕೇಳುತ್ತದೆ, ಇವನ ಮಾತು ಕಬ್ಬಿಣದ ರ‍್ಯಾಕು ದಾಟಿ ಅವನಿಗೆ ಮುಟ್ಟುವುದಿಲ್ಲ.

ಶಕ್ತಿಯನ್ನು 14 ಡಿಬಿಎಂಗೆ, ಅಂದರೆ 25 ಮಿಲಿವ್ಯಾಟ್‌ಗೆ ಇಳಿಸಿದೆ. ಕನಿಷ್ಠ ವೇಗವನ್ನು 6ರಿಂದ 12 ಎಂಬಿಪಿಎಸ್‌ಗೆ ಏರಿಸಿದೆ, ಬೀಕನ್‌ಗಳು ದೂರದವರನ್ನು ಸುಮ್ಮನೆ ಆಸೆ ತೋರಿಸಿ ಕರೆಯದಿರಲಿ ಎಂದು. ನಡುವೆ ಉಂಟಾದ ಖಾಲಿ ಜಾಗಕ್ಕೆ ಮೂರನೇ ಆಕ್ಸೆಸ್ ಪಾಯಿಂಟ್ ಬಂತು. ಆಮೇಲೆ ಸ್ಕ್ಯಾನರುಗಳು ಕಳಚಿಕೊಂಡದ್ದಿಲ್ಲ.

ಮಾಲೀಕರಿಗೆ ಇದರಲ್ಲಿ ಇನ್ನೊಂದು ಲಾಭ ಕಂಡಿತು. "ಸಾರ್, ಈಗ ರೋಡಲ್ಲಿ ನಿಂತು ಯಾರೂ ನಮ್ಮ ಡೇಟಾ ಹಿಡಿಯೋಕಾಗಲ್ಲ ಅಲ್ವಾ?" ಅಂದರು. ಫೋನು ಹಿಡಿದು ಗೇಟಿನ ಹೊರಗೆ ಹೋಗಿ ನೋಡಿದರೆ ನಿಜಕ್ಕೂ ನೆಟ್‌ವರ್ಕಿನ ಹೆಸರು ಪಟ್ಟಿಯಲ್ಲಿ ಇರಲಿಲ್ಲ. ಆದರೂ ಹೂಂ ಅನ್ನಲಿಲ್ಲ. ಒಳ್ಳೆಯ ದಿಕ್ಕಿನ ಆಂಟೆನಾ ಇದ್ದವನಿಗೆ ನಾವು ಇಳಿಸಿದ 9 ಡೆಸಿಬೆಲ್ ದೊಡ್ಡ ಅಡ್ಡಿಯಲ್ಲ, ಅವನು ಎದುರು ಬದಿಯ ಟೆರೇಸಿನಿಂದಲೂ ಹಿಡಿದಾನು. ಹೊಸ ಪೀಳಿಗೆಯ ಡಬ್ಲ್ಯುಪಿಎ3 ರಕ್ಷಣೆ ಹಾಕೋಣವೆಂದರೆ ಆ ಹಳೆಯ ಸ್ಕ್ಯಾನರುಗಳಿಗೆ ಅದು ಬರುವುದಿಲ್ಲ. ಕಂಪನಿಯ ಹೆಸರಿನ ಮುಂದೆ ಇಸವಿ ಸೇರಿಸಿದ್ದ ಪಾಸ್‌ವರ್ಡನ್ನು ತೆಗೆಸಿ, ಅರ್ಥವಿಲ್ಲದ ಇಪ್ಪತ್ತಕ್ಕೂ ಹೆಚ್ಚು ಅಕ್ಷರಗಳದ್ದನ್ನು ಹಾಕಿಸಿದೆ. ಅದನ್ನು ಪ್ರತಿ ಸ್ಕ್ಯಾನರಿಗೂ ಒತ್ತಿ ಒತ್ತಿ ತುಂಬುವ ಕೆಲಸ ಗೋದಾಮಿನ ಹುಡುಗರ ಪಾಲಿಗೆ ಬಂತು, ಅವರು ನನ್ನನ್ನು ಬೈದುಕೊಂಡರು.