ಗಾಳಿಬೋರೆಯ ಟೋಪಿ: ಹಾಕಿಕೊಳ್ಳುವುದೋ, ಎತ್ತಿಡುವುದೋ?

ನನ್ನ ಹತ್ತಿರ ಒಂದು ಖಾಕಿ ಬಟ್ಟೆಯ ಟೋಪಿ ಇದೆ. ಸುತ್ತಲೂ ಅಗಲವಾದ ಅಂಚು. 2007ರ ಫೆಬ್ರವರಿಯಲ್ಲಿ, ಕಾವೇರಿ ದಡದಲ್ಲಿ ಗಾಳ ಹಾಕುವವರಿಗಿದ್ದ ಗಾಳಿಬೋರೆ ಕ್ಯಾಂಪಿನಲ್ಲಿ, ಮೂರು ದಿನ ನನ್ನ ಜೊತೆ ಹರಿಗೋಲಿನಲ್ಲಿದ್ದ ಗೈಡ್ ಅಣ್ಣ ಅದರ ಅಂಚಿನ ಒಳಮಗ್ಗುಲಲ್ಲಿ ಸಹಿ ಹಾಕಿಕೊಟ್ಟರು. ಕನ್ನಡದಲ್ಲಿ, ಒಂದೊಂದೇ ಅಕ್ಷರ ಕೂಡಿಸಿ. ಹೆಸರಿನ ಕೆಳಗೆ ಊರು. ಅದರ ಕೆಳಗೆ 38. ಅವತ್ತು ಬೆಳಗ್ಗೆ ಸಿಕ್ಕ ಬಿಳಿಮೀನಿನ ತೂಕ ಅದು, ಪೌಂಡಿನಲ್ಲಿ.

ಸಹಿ ಹಾಕಿ ಟೋಪಿಯನ್ನು ಕೈಗೆ ಕೊಡದೆ ನನ್ನ ತಲೆಯ ಮೇಲೇ ಇಟ್ಟರು. "ಹಾಕ್ಕೊಂಡೇ ಬನ್ನಿ ಸಾರ್ ಮುಂದಿನ ಸಲ" ಅಂದರು.

ಈ ಟೋಪಿಯನ್ನು ಹಾಕಿಕೊಳ್ಳಬೇಕಾ, ಎತ್ತಿಡಬೇಕಾ ಅಂತ ನಾನು ಹತ್ತು ವರ್ಷಕ್ಕೂ ಜಾಸ್ತಿ ಒದ್ದಾಡಿದ್ದೇನೆ. ಗಾಳ ಹಾಕುವ ಗೆಳೆಯರೂ ಇದನ್ನೇ ಕೇಳುತ್ತಿರುತ್ತಾರೆ. ಒಬ್ಬರ ಹತ್ತಿರ ಸಹಿ ಇರುವ ಜರ್ಸಿ, ಇನ್ನೊಬ್ಬರ ಹತ್ತಿರ ರೀಲಿನ ಚರ್ಮದ ಚೀಲ. ಹಾಗಾಗಿ ನಾನು ಮಾಡಿದ್ದನ್ನು, ಕೆಡಿಸಿಕೊಂಡದ್ದನ್ನೂ ಸೇರಿಸಿ, ಬರೆಯುತ್ತಿದ್ದೇನೆ.

ಕನಕಪುರ ದಾರಿಯಲ್ಲಿ ಸಂಗಮ ದಾಟಿ ಕಾವೇರಿ ಗುಂಟ ಹೋದರೆ ಗಾಳಿಬೋರೆ. ಭೀಮೇಶ್ವರಿ, ದೊಡ್ಡಮಾಕಳಿ ಕೂಡ ಅದೇ ಹೊಳೆಯ ಮೇಲಿನ ಕ್ಯಾಂಪುಗಳು. ಬಿಳಿಮೀನು ಅಂದರೆ ಮಹಶೀರ್. ಅದಕ್ಕೆ ನಾವು ಕಟ್ಟುತ್ತಿದ್ದದ್ದು ರಾಗಿ. ಹಿಟ್ಟನ್ನು ಗಟ್ಟಿಯಾಗಿ ಬೇಯಿಸಿ, ನಾದಿ, ನಿಂಬೆಹಣ್ಣಿನ ಗಾತ್ರದ ಉಂಡೆ ಮಾಡಿ ಕೊಕ್ಕೆಯ ಸುತ್ತ ಮೆತ್ತುವುದು. ಮೀನು ಸಿಕ್ಕರೆ ತೂಕ ನೋಡಿ, ಒಂದು ಫೋಟೋ ತೆಗೆದು, ವಾಪಸ್ ನೀರಿಗೆ. ನೆನಪಿಗೆ ಮನೆಗೆ ಏನು ತರುವುದು ಅನ್ನುವ ಸಮಸ್ಯೆ ಹಳೇ ಕಾಲದವರಿಗೆ ಇರಲಿಲ್ಲ. 1946ರಲ್ಲಿ, ಬೇಟೆಯ ಪ್ರಾಣಿಗಳನ್ನು ಹದ ಮಾಡಿಕೊಡುವುದಕ್ಕೆ ಹೆಸರಾಗಿದ್ದ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಹಿಡಿದಿದ್ದರು. ದೊಡ್ಡ ಮೀನು ಸಿಕ್ಕರೆ ತಲೆಯನ್ನು ಹದ ಮಾಡಿಸಿ ಗೋಡೆಗೆ ಹಾಕುತ್ತಿದ್ದ ಕಾಲ ಅದು. ನಾವು ಮೀನನ್ನು ಬಿಟ್ಟುಬಿಡುತ್ತಿದ್ದೆವು. ಅದು ಸರಿಯೇ. ಆದರೆ ಮನೆಗೆ ತರಲು ಉಳಿಯುತ್ತಿದ್ದದ್ದು ಒಂದು ಫೋಟೋ, ಒಂದು ಟೋಪಿ, ಅಷ್ಟೇ.

ಮೊದಲ ಮೂರು ವರ್ಷ ಟೋಪಿಯನ್ನು ಹಾಕಿಕೊಂಡೇ ಹೋದೆ. ಅಣ್ಣ ಹೇಳಿದ್ದರಲ್ಲ. ಸಹಿ ಒಳಮಗ್ಗುಲಲ್ಲಿ ಇದ್ದದ್ದು ಒಳ್ಳೆಯದಾಯಿತು, ನೇರ ಬಿಸಿಲು ಬೀಳಲಿಲ್ಲ. ಕೆಡಿಸಿದ್ದು ಬೆವರು. ಬೆವರಿನ ಪಟ್ಟಿಗೆ ತಾಗಿದ ಕಡೆ ಮೊದಲ ಅಕ್ಷರದ ಕೊಂಬು ಹರಡಿ ನೇರಳೆ ಬಣ್ಣಕ್ಕೆ ತಿರುಗಿತು. ಕಪ್ಪು ಮಾರ್ಕರ್ ಅಲ್ವಾ, ನೇರಳೆ ಎಲ್ಲಿಂದ ಬಂತು ಅಂತ ಆಗ ಗೊತ್ತಾಗಲಿಲ್ಲ.

ಆಮೇಲೆ ಹೊಳೆಯೇ ಮುಚ್ಚಿತು. ಆ ಜಾಗ ಕಾವೇರಿ ವನ್ಯಜೀವಿ ಧಾಮದೊಳಗಿದೆ. ವನ್ಯಜೀವಿ ಕಾಯ್ದೆ ಪ್ರಕಾರ ಧಾಮದಲ್ಲಿ ಗಾಳ ಹಾಕುವ ಹಾಗಿಲ್ಲ ಅಂತಾಗಿ, 2010ರ ನಂತರದ ಒಂದೆರಡು ವರ್ಷದಲ್ಲಿ ಎಲ್ಲ ನಿಂತಿತು. ಅದರ ಸರಿ ತಪ್ಪಿನ ಬಗ್ಗೆ ಇಲ್ಲಿ ಬರೆಯಲು ಹೋಗುವುದಿಲ್ಲ. ನನಗೆ ತಟ್ಟಿದ್ದು ಒಂದೇ ವಿಷಯ. ಈ ಸಹಿಯನ್ನು ಇನ್ನೊಂದು ಸಲ ಹಾಕಿಸಿಕೊಳ್ಳಲು ಆಗುವುದಿಲ್ಲ. ಕ್ಯಾಂಪಿನ ಕೆಲಸ ನಿಂತ ಮೇಲೆ ಅಣ್ಣ ಊರಿಗೆ ಹೋದರು. ಎರಡು ವರ್ಷದ ಮೇಲೆ ತೀರಿಕೊಂಡರು ಅಂತ ಫೋನ್ ಬಂತು.

ಅವತ್ತೇ ಟೋಪಿಯನ್ನು ಎತ್ತಿಟ್ಟೆ. ಎತ್ತಿಟ್ಟ ರೀತಿ ಮಾತ್ರ ಪೂರ್ತಿ ತಪ್ಪಾಗಿತ್ತು. ಪ್ಲಾಸ್ಟಿಕ್ ಕವರಿಗೆ ಹಾಕಿ, ನಾಲ್ಕು ನುಸಿಗುಳಿಗೆ ಸೇರಿಸಿ, ಬಾಯಿ ಬಿಗಿದು, ಗೋಡೆ ಬೀರುವಿನ ಮೇಲಿನ ಖಾನೆಯಲ್ಲಿ ಇಟ್ಟೆ. ಅದರ ಹಿಂದಿನ ಗೋಡೆಗೆ ಮಳೆಗಾಲದಲ್ಲಿ ಶೀತ ಏರುತ್ತದೆ. ದೀಪಾವಳಿಗೆ ಮನೆ ಗುಡಿಸುವಾಗ ತೆಗೆದು ನೋಡಿದರೆ ಬೆವರಿನ ಪಟ್ಟಿಯ ಗುಂಟ ಬಿಳಿ ಬೂಷ್ಟು. ಮೂರು ವರ್ಷ ಹೊಳೆಯಲ್ಲಿ ಹಾಕಿಕೊಂಡು ತಿರುಗಿದ್ದರಿಂದ ಆಗದಷ್ಟು ಹಾಳು ಒಂದೇ ಮಳೆಗಾಲದಲ್ಲಿ ಆಗಿತ್ತು.

ವಸ್ತುಸಂಗ್ರಹಾಲಯದಲ್ಲಿ ಹಳೇ ಬಟ್ಟೆಗಳ ಕೆಲಸ ಮಾಡಿದ್ದ ಗೆಳತಿಯೊಬ್ಬರಿಗೆ ಫೋನ್ ಮಾಡಿದೆ. ಅವರು ಮೊದಲು ಹೇಳಿದ್ದು, ಒದ್ದೆ ಬಟ್ಟೆಯಲ್ಲಿ ಒರೆಸಬೇಡ, ಸ್ಯಾನಿಟೈಸರ್ ಅಂತೂ ಹತ್ತಿರ ತರಲೇಬೇಡ. ಮಾರ್ಕರಿನ ಮಸಿ ನೀರಿಗೆ ಬಗ್ಗದಿದ್ದರೂ ಸ್ಪಿರಿಟಿಗೆ ಕರಗಿಹೋಗುತ್ತದೆ. ಅವರು ಹೇಳಿದ ಹಾಗೆ ಮಾಸ್ಕ್ ಹಾಕಿಕೊಂಡು, ಮನೆಯ ಹೊರಗೆ ನೆರಳಿನಲ್ಲಿ ಎರಡು ದಿನ ಒಣಗಿಸಿ, ಮೆತ್ತನೆ ಬ್ರಷ್ಷಿನಿಂದ ಬೂಷ್ಟನ್ನು ಉದುರಿಸಿದೆ. ಸಹಿಯ ಹತ್ತಿರ ಬ್ರಷ್ ಆಡಿಸಲಿಲ್ಲ. ಪುಣ್ಯಕ್ಕೆ ಅಲ್ಲಿವರೆಗೆ ಹಬ್ಬಿರಲಿಲ್ಲ.

ಮಸಿಯ ವಿಷಯ ತಲೆಯಲ್ಲಿ ಕೊರೆಯುತ್ತಿತ್ತು. ಒಂದು ಹಳೇ ಕಾಟನ್ ಶರ್ಟನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿದೆ. ಒಂದರ ಮೇಲೆ ಮಾಮೂಲಿ ಪರ್ಮನೆಂಟ್ ಮಾರ್ಕರ್, ಒಂದರ ಮೇಲೆ ನೀಲಿ ಬಾಲ್ ಪೆನ್, ಇನ್ನೊಂದರ ಮೇಲೆ ಚಿತ್ರ ಬರೆಯುವವರು ಬಳಸುವ ಪಿಗ್ಮೆಂಟ್ ಮಸಿಯ ಪೆನ್ನಿನಿಂದ ನನ್ನ ಹೆಸರು ಬರೆದೆ. ಪ್ರತಿ ಪಟ್ಟಿಯಲ್ಲೂ ಅರ್ಧ ಹೆಸರಿಗೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಸುತ್ತಿ, ಬಿಸಿಲು ಬೀಳುವ ಕಿಟಕಿಗೆ ಅಂಟಿಸಿದೆ. ಫೆಬ್ರವರಿಯಿಂದ ಮೇ ಕೊನೆವರೆಗೆ. ಫಾಯಿಲ್ ಬಿಚ್ಚಿದಾಗ ಬಾಲ್ ಪೆನ್ನಿನ ತೆರೆದ ಅರ್ಧ ಹುಡುಕಿದರೆ ಮಾತ್ರ ಕಾಣುವಷ್ಟು ಮಾಸಿತ್ತು. ಮಾರ್ಕರ್ ಕಂದು ನೇರಳೆ ಆಗಿತ್ತು. ಪಿಗ್ಮೆಂಟ್ ಮಸಿಯ ಎರಡೂ ಅರ್ಧ ನನ್ನ ಕಣ್ಣಿಗೆ ಒಂದೇ ಥರ ಇದ್ದವು. ಮಾರ್ಕರಿನ ಕಪ್ಪು ಹಲವು ಬಣ್ಣಗಳನ್ನು ಬೆರೆಸಿ ಮಾಡಿದ ಕಪ್ಪು. ಬಣ್ಣಗಳು ಹಿಂದೆ ಮುಂದೆ ಮಾಸುತ್ತವೆ, ಹರಡುವುದೂ ಒಂದೊಂದು ಒಂದೊಂದು ಥರ. ಟೋಪಿಯ ನೇರಳೆ ಬಂದದ್ದು ಅಲ್ಲಿಂದ. ಪಿಗ್ಮೆಂಟ್ ಅಂದರೆ ಸಣ್ಣ ಪುಡಿ, ಅದು ಬೆಳಕಿಗೆ ಜಾಸ್ತಿ ತಡೆಯುತ್ತದೆ. ಇದನ್ನು ನೋಡಿದ ಮೇಲೆ, ಯಾರ ಹತ್ತಿರವಾದರೂ ಸಹಿ ಕೇಳುವ ಆಸೆ ಇದ್ದರೆ ಆ ಪೆನ್ನನ್ನು ನೀವೇ ಜೇಬಿನಲ್ಲಿ ಇಟ್ಟುಕೊಂಡು ಹೋಗಿ ಅಂತ ಎಲ್ಲರಿಗೂ ಹೇಳುತ್ತೇನೆ.

ಹೇರ್ ಸ್ಪ್ರೇ ಹೊಡೆದರೆ, ಇಸ್ತ್ರಿ ಮಾಡಿದರೆ ಸಹಿ ಕೂತುಬಿಡುತ್ತದೆ ಅನ್ನುವವರೂ ಸಿಕ್ಕರು. ಇಸ್ತ್ರಿ ಮಾಡಿದ ಮಾರ್ಕರ್ ಪಟ್ಟಿಯನ್ನು ಐದು ಸಲ ಒಗೆದೆ, ಮಾಡದೇ ಇದ್ದದ್ದಕ್ಕೂ ಅದಕ್ಕೂ ವ್ಯತ್ಯಾಸ ಕಾಣಲಿಲ್ಲ. ಹೇರ್ ಸ್ಪ್ರೇಯಲ್ಲಿ ಸ್ಪಿರಿಟ್ ಇರುತ್ತದೆ, ಅದನ್ನು ಪ್ರಯತ್ನಿಸುವ ಮನಸ್ಸೇ ಬರಲಿಲ್ಲ.

ಈಗ ಟೋಪಿ ಇರುವುದು ಆಸಿಡ್ ಇಲ್ಲದ ರಟ್ಟಿನ ಡಬ್ಬಿಯಲ್ಲಿ. ಒಳಗೆ ಅದೇ ಥರದ ಟಿಶ್ಯೂ ಕಾಗದವನ್ನು ಉಂಡೆ ಮಾಡಿ ತುಂಬಿದ್ದೇನೆ, ಆಕಾರ ಕುಸಿಯಬಾರದು ಅಂತ. ಮಾಮೂಲಿ ನ್ಯೂಸ್‌ಪೇಪರ್ ತುಂಬಿದರೆ ಅದರ ಆಸಿಡ್ ಬಟ್ಟೆಯನ್ನು ಹಳದಿ ಮಾಡುತ್ತದೆ. ಡಬ್ಬಿ ಇರುವುದು ಮಲಗುವ ಕೋಣೆಯ ಒಳಗೋಡೆಯ ಕಪಾಟಿನಲ್ಲಿ. ಹೊರಗೋಡೆಗೆ ತಾಗುವ ಯಾವ ಜಾಗವೂ ಬೇಡ. ಡಬ್ಬಿಯೊಳಗೆ ತೇವ ಹೀರಿಕೊಂಡು ಬಣ್ಣ ಬದಲಾಗುವ ಸಿಲಿಕಾ ಜೆಲ್ ಪೊಟ್ಟಣ ಎರಡು. 300 ರೂಪಾಯಿಯ ಒಂದು ತೇವಾಂಶ ಮೀಟರ್ ಇಟ್ಟಿದ್ದೇನೆ. ಶೇಕಡಾ 60 ದಾಟಿದರೆ ಪೊಟ್ಟಣ ಬದಲಿಸುತ್ತೇನೆ. ಜುಲೈ, ಆಗಸ್ಟಿನಲ್ಲಿ ಹದಿನೈದು ದಿನಕ್ಕೊಮ್ಮೆ ಡಬ್ಬಿ ತೆರೆದು ನೋಡಲೇಬೇಕು. ಚೌಕಟ್ಟು ಹಾಕಿಸಿ ಹಾಲಿನಲ್ಲಿ ತೂಗು ಹಾಕುವ ಆಸೆ ಇತ್ತು, ಬಿಟ್ಟೆ. ನೇರಳಾತೀತ ಕಿರಣ ತಡೆಯುವ ಗಾಜು ಸಿಗುತ್ತದೆ ನಿಜ. ಆದರೆ ಮಸಿಯನ್ನು ಮಾಸಿಸುವುದು ಆ ಕಿರಣವೊಂದೇ ಅಲ್ಲ, ಕಣ್ಣಿಗೆ ಕಾಣುವ ಬೆಳಕೂ ನಿಧಾನಕ್ಕೆ ಮಾಸಿಸುತ್ತದೆ. ಹಾಲಿನಲ್ಲಿ ಇರುವುದು ಸಹಿಯ ಫೋಟೋ. ಮೋಡ ಇದ್ದ ದಿನ ಮಹಡಿಯ ಮೇಲೆ, ಫ್ಲ್ಯಾಶ್ ಇಲ್ಲದೆ ತೆಗೆದದ್ದು.

ಹಾಗಂತ ಎಲ್ಲವನ್ನೂ ಎತ್ತಿಡಿ ಅನ್ನುವುದಿಲ್ಲ. ನಮ್ಮ ಗಾಳದ ಗುಂಪಿನವರೆಲ್ಲ ಸಹಿ ಹಾಕಿಕೊಟ್ಟ ಒಂದು ಉದ್ದ ತೋಳಿನ ಶರ್ಟ್ ಇದೆ. ಅದನ್ನು ವಾರಕ್ಕೊಮ್ಮೆ ಹಾಕಿಕೊಳ್ಳುತ್ತೇನೆ, ಒಳಮಗ್ಗುಲು ಹೊರಗೆ ಮಾಡಿ ತಣ್ಣೀರಲ್ಲಿ ಒಗೆದು ನೆರಳಿನಲ್ಲಿ ಒಣಗಿಸುತ್ತೇನೆ. ಇಬ್ಬರ ಸಹಿ ಆಗಲೇ ಅಳಿಸಿದೆ. ಅವರು ಮನೆಗೆ ಬಂದಾಗ ಪಿಗ್ಮೆಂಟ್ ಪೆನ್ ಕೊಟ್ಟು ಮತ್ತೆ ಹಾಕಿಸಿಕೊಂಡೆ. ಸಹಿ ಹಾಕಿದವರು ಇದ್ದಾರೆ, ಇನ್ನೊಂದು ಸಲ ಹಾಕುತ್ತಾರೆ ಅಂದರೆ ಹಾಕಿಕೊಳ್ಳಿ. ಅದು ಬಟ್ಟೆ, ಮೈಮೇಲೆ ಇದ್ದರೇ ಚೆಂದ. ದುಡ್ಡಿನ ಬೆಲೆ ನೋಡಿ ತೀರ್ಮಾನ ಮಾಡುವವರು ಇದ್ದಾರೆ. ನನಗೆ ಆ ಲೆಕ್ಕ ಹಿಡಿಸುವುದಿಲ್ಲ. ನಮ್ಮ ಅಣ್ಣನ ಸಹಿಗೆ ಯಾವ ಹರಾಜಿನಲ್ಲೂ ನೂರು ರೂಪಾಯಿ ಹುಟ್ಟುವುದಿಲ್ಲ. ಆದರೆ ಆ ಹೊಳೆಯ ಗೂನುಬೆನ್ನಿನ ಮಹಶೀರ್ ಯಾವ ಜಾತಿ ಅಂತ ವಿಜ್ಞಾನಿಗಳು ಖಚಿತ ಮಾಡಿದ್ದೇ 2018ರಲ್ಲಿ, ಅದು ಅಳಿವಿನ ಅಂಚಿನಲ್ಲಿದೆ ಅಂತ ಪಟ್ಟಿಗೆ ಸೇರಿದ್ದೂ ಅದೇ ವರ್ಷ. ಆ ಮೀನು ಯಾವ ಬಂಡೆಯ ಹಿಂದೆ ಮಲಗುತ್ತದೆ ಅಂತ ಅಣ್ಣನಿಗೆ ಹುಡುಗನಾಗಿದ್ದಾಗಿನಿಂದ ಗೊತ್ತಿತ್ತು. ಅವರ ಕೈಬರಹ ನನ್ನ ಹತ್ತಿರ ಇರುವುದು ಈ ಟೋಪಿಯ ಮೇಲೆ ಮಾತ್ರ.

ಹೋದ ತಿಂಗಳು ಗೆಳತಿ ಮನೆಗೆ ಬಂದಾಗ ಡಬ್ಬಿ ತೆರೆದೆವು. ಸಹಿಯ ಪಕ್ಕದ ಹೊಲಿಗೆಯಲ್ಲಿ ರಾಗಿಹಿಟ್ಟು ಒಣಗಿ ಅಂಟಿಕೊಂಡಿತ್ತು. ಅಣ್ಣ ಸಹಿ ಹಾಕುವಾಗ ಅವರ ಹೆಬ್ಬೆರಳಿನಲ್ಲಿ ಇದ್ದದ್ದು ಇರಬೇಕು. ಹಿಟ್ಟು ಇದ್ದರೆ ಹುಳ ಬರುತ್ತದೆ, ತೆಗೆಯಲೇಬೇಕು ಅಂದರು ಗೆಳತಿ. ಚಿಮಟದಿಂದ ಪುಡಿಯನ್ನು ತೆಗೆಯಲು ಒಪ್ಪಿದೆ. ಕೆಳಗೆ ಬೆರಳಿನ ಅಗಲದ ಕಂದು ಕಲೆ ಉಳಿಯಿತು. ಅದಕ್ಕೆ ಕೈ ಹಚ್ಚುವುದು ಬೇಡ ಅಂದೆ.