15 ಬಿಬಿ ಇದ್ದಾಗಲೇ ತಳ್ಳಿ: ನನ್ನ ಅನುಭವ

ನಮ್ಮ ಪೋಕರ್ ಗುಂಪಿನಲ್ಲಿ ನನಗೆ ತಳ್ಳುಗಾಡಿ ಅಂತ ಹೆಸರಿಟ್ಟಿದ್ದರು. ಟೂರ್ನಮೆಂಟ್ ಕೊನೆಗೆ ಬಂದಾಗ, ಇನ್ನೂ 15 ಬಿಬಿ (ಕಡ್ಡಾಯವಾಗಿ ಹಾಕುವ ದೊಡ್ಡ ಪಣ, ಅಂದರೆ ಬಿಗ್ ಬ್ಲೈಂಡ್, ಅದರ 15 ಪಟ್ಟು ಚಿಪ್ಪು) ಇರುವಾಗಲೇ, ಎಕ್ಕ-ಐದು ಸೂಟೆಡ್ (ಎರಡೂ ಒಂದೇ ಜಾತಿಯ ಎಲೆ) ಇಟ್ಟುಕೊಂಡು ಇನ್ನೊಬ್ಬರ ರೈಸ್ (ಏರಿಸಿದ ಪಣ) ಮೇಲೆ ಆಲ್-ಇನ್ ಹೋಗುತ್ತಿದ್ದೆ, ಅಂದರೆ ಇದ್ದ ಚಿಪ್ಪನ್ನೆಲ್ಲ ತಳ್ಳುತ್ತಿದ್ದೆ, ಅದಕ್ಕೆ. "ಸ್ವಲ್ಪ ತಾಳ್ಮೆ ಇರಲಿ ಮಾರಾಯಾ, ಒಳ್ಳೆ ಕೈ ಬಂದೇ ಬರುತ್ತೆ" ಅಂತ ಬುದ್ಧಿ ಹೇಳದವರೇ ಇರಲಿಲ್ಲ. ಆಮೇಲೆ 2024ರ ಕೊನೆಯಿಂದ 2025ರ ಮಳೆಗಾಲದೊಳಗೆ ಐದಾರು ಫೈನಲ್ ಟೇಬಲ್ ಮುಟ್ಟಿದೆ, ಒಂದು ಗೆದ್ದೆ. ಈಗ ಅವರೇ "ಚಾರ್ಟ್ ಕಳಿಸೋ" ಅಂತ, ಯಾವ ಕೈಯಲ್ಲಿ ತಳ್ಳಬೇಕು ಅನ್ನುವ ಪಟ್ಟಿ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೆ ಹೇಳುವ ಬದಲು ಒಂದೇ ಸಲ ಬರೆದುಬಿಡುತ್ತೇನೆ. 

ನಾನು ಆಡುತ್ತಿದ್ದದ್ದು ಬೆಂಗಳೂರಿನಲ್ಲಿ ಕೂತು ಆನ್‌ಲೈನ್‌ನಲ್ಲಿ, ಆಫೀಸ್ ಮುಗಿಸಿ ರಾತ್ರಿ ಹೊತ್ತು. ₹550, ₹1,100 ಬೈ-ಇನ್ (ಪ್ರವೇಶ ಶುಲ್ಕ), ಮುನ್ನೂರು ನಾನೂರು ಜನ ಸೇರುವ ಟೂರ್ನಮೆಂಟುಗಳು. 2021ರ ಅಕ್ಟೋಬರ್‌ನಲ್ಲಿ ಆನ್‌ಲೈನ್‌ನಲ್ಲಿ ದುಡ್ಡಿಟ್ಟು ಆಡುವುದನ್ನು ನಿಷೇಧಿಸಿ ರಾಜ್ಯದ ಕಾನೂನು ಬಂದಾಗ ಸೈಟುಗಳು ಕರ್ನಾಟಕದವರಿಗೆ ಬಾಗಿಲು ಹಾಕಿದ್ದವು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿದ ಮೇಲೆ ಮತ್ತೆ ಶುರು ಮಾಡಿದೆ. ಒಂದೂವರೆ ವರ್ಷ ಎಲ್ಲರ ಹಾಗೆ ಕಾದು ಕಾದು ಆಡಿದೆ. ದುಡ್ಡು ಸಿಗುವ ಹಂತಕ್ಕೇನೋ ಆಗಾಗ ಬರುತ್ತಿದ್ದೆ. ಆದರೆ ಸಿಗುತ್ತಿದ್ದದ್ದು ಬೈ-ಇನ್‌ನ ಎರಡು ಪಟ್ಟು, ಹೆಚ್ಚೆಂದರೆ ಎರಡೂವರೆ. ಬರಿಗೈಲಿ ಹೋದ ದಿನಗಳ ಖರ್ಚಿಗೆ ಅದು ಎಲ್ಲಿ ಸಾಕು?

ಕಾಯುವುದಕ್ಕೂ ಬಾಡಿಗೆ ಇದೆ. 8 ಜನರ ಟೇಬಲ್, ಒಬ್ಬೊಬ್ಬರ ಆಂಟಿ (ಪ್ರತಿ ಕೈಗೂ ಎಲ್ಲರೂ ಹಾಕುವ ಪಣ) ಬಿಬಿಯ ಎಂಟನೇ ಒಂದು ಭಾಗ ಅಂತಿಟ್ಟುಕೊಳ್ಳಿ. ಬಿಗ್ ಬ್ಲೈಂಡ್, ಅದರ ಅರ್ಧದ ಸ್ಮಾಲ್ ಬ್ಲೈಂಡ್ ಸೇರಿ ಒಂದು ಸುತ್ತಿಗೆ ಎರಡೂವರೆ ಬಿಬಿ ಸುಮ್ನೆ ಹೋಗುತ್ತದೆ. 15 ಇದ್ದದ್ದು ಎರಡು ಸುತ್ತಿಗೆ 10. ಅಷ್ಟರಲ್ಲಿ ಬ್ಲೈಂಡ್ ಏರುತ್ತದೆ, ಆ 10 ಈಗ 8. ಆ ಎರಡು ಸುತ್ತಿನಲ್ಲಿ ಬರುವುದು 16 ಕೈ. ಹತ್ತರ ಜೋಡಿ, ಅದಕ್ಕಿಂತ ದೊಡ್ಡ ಜೋಡಿ ಅಥವಾ ಎಕ್ಕ-ರಾಜ ಬರುವ ಸಾಧ್ಯತೆ ಕೈಗೆ ನೂರಕ್ಕೆ ಮೂರೂವರೆ. ಅಂದರೆ 16 ಕೈ ಕಾದರೂ ಒಂದೂ ಬರದೇ ಇರುವುದೇ ಜಾಸ್ತಿ. ಬಂದರೂ ಅಷ್ಟರಲ್ಲಿ ನಿಮ್ಮ ಆಲ್-ಇನ್‌ಗೆ ಯಾರೂ ಹೆದರುವುದಿಲ್ಲ.

ಒಂದು ಕೈ ಹೇಳುತ್ತೇನೆ. ಬ್ಲೈಂಡ್ 1,000–2,000, ಆಂಟಿ 250, 8 ಜನ. ಬಟನ್‌ವರೆಗೆ (ಬ್ಲೈಂಡ್‌ನವರಿಗೆ ಮುಂಚೆ ಆಡುವ ಸೀಟು) ಎಲ್ಲರೂ ಫೋಲ್ಡ್, ಅಂದರೆ ಕೈ ಬಿಟ್ಟರು. ಬಟನ್ 4,000ಕ್ಕೆ ರೈಸ್, ಸ್ಮಾಲ್ ಬ್ಲೈಂಡ್ ಫೋಲ್ಡ್. ನಾನು ಬಿಗ್ ಬ್ಲೈಂಡ್, ಆಗಲೇ ಹಾಕಿದ 2,000 ಸೇರಿ 30,000. ಕೈಯಲ್ಲಿ ಸ್ಪೇಡ್ ಎಕ್ಕ-ಐದು. ನಡುವೆ ಬಿದ್ದಿರುವುದು 9,000. ನಾನು ತಳ್ಳಿದೆ ಅನ್ನಿ. ಅವನು ಫೋಲ್ಡ್ ಮಾಡಿದರೆ ಆ 9,000 ನನ್ನದು. ಕಾಲ್ ಮಾಡಿದರೆ (ನನಗೆ ಸಮ ಹಾಕಿದರೆ) ಪಾಟ್, ಅಂದರೆ ನಡುವಿನ ಒಟ್ಟು ಮೊತ್ತ, 63,000. ಅವನು ಕಾಲ್ ಮಾಡುವಂಥ ಕೈಗಳ ಎದುರು ನನ್ನ ಪಾಲು ನೂರಕ್ಕೆ 35ರ ಹತ್ತಿರ, ಅಂದರೆ 22,000. ನಾನು ಹೊಸದಾಗಿ ಹಾಕಿದ್ದು 28,000. ಕಾಲ್ ಆದಾಗಲೆಲ್ಲ ಸರಾಸರಿ 6,000 ಕಳೆದುಕೊಳ್ಳುತ್ತೇನೆ, ಫೋಲ್ಡ್ ಆದಾಗಲೆಲ್ಲ 9,000 ಬರುತ್ತದೆ. ಅವನು ಹತ್ತಕ್ಕೆ ನಾಲ್ಕು ಸಲ ಫೋಲ್ಡ್ ಮಾಡಿದರೆ ಲೆಕ್ಕ ಸರಿಹೋಯಿತು. ಬಟನ್‌ನಿಂದ ನೂರಕ್ಕೆ 45 ಕೈ ತೆರೆಯುವವನು, ಅಂದರೆ ಮೊದಲ ರೈಸ್ ಮಾಡುವವನು, ಕಾಲ್ ಮಾಡುವುದು 15 ಕೈಯಲ್ಲಿ. ಮೂರಕ್ಕೆ ಎರಡು ಸಲ ಬಿಟ್ಟೇ ಬಿಡುತ್ತಾನೆ. ಒಂದು ತಳ್ಳಿಗೆ ಸರಾಸರಿ ಸುಮಾರು 2 ಬಿಬಿ ಲಾಭ, ಹೆಚ್ಚಿನ ಸಲ ಕಾರ್ಡ್ ತೋರಿಸುವ ಕೆಲಸವೇ ಇಲ್ಲ.

ಅದೇ ಕೈ, ಅದೇ ರೈಸ್, ಆದರೆ ನನ್ನ ಹತ್ತಿರ 7 ಬಿಬಿ ಅಂದುಕೊಳ್ಳಿ. ಈಗ ಅವನು 10,000 ಹಾಕಿದರೆ 31,000ದ ಪಾಟ್. ಮೂರರಲ್ಲಿ ಒಂದು ಸಲ ಗೆದ್ದರೂ ಅವನಿಗೆ ನಷ್ಟವಿಲ್ಲ. ಒಂಬತ್ತು-ಎಂಟು ಇದ್ದರೂ ಕಾಲ್ ಮಾಡುತ್ತಾನೆ. 15 ಬಿಬಿ ಇದ್ದಾಗ ಅವನಿಗೆ ಬೇಕಾಗಿದ್ದದ್ದು ನೂರಕ್ಕೆ 41. ನನ್ನ ಇಡೀ ಪದ್ಧತಿ ಈ ವ್ಯತ್ಯಾಸದ ಮೇಲೆ ನಿಂತಿದೆ. 13ರಿಂದ 18 ಬಿಬಿ ನನ್ನ ಸುಗ್ಗಿಯ ಹೊತ್ತು. ಅದನ್ನು ಫೋಲ್ಡ್ ಮಾಡುತ್ತಾ ಕಳೆದರೆ ಆಮೇಲೆ ಏನೂ ಉಳಿಯುವುದಿಲ್ಲ.

ಯಾವ ಕೈ ಬೇಕು ಅಂತ ಎಲ್ಲರೂ ಕೇಳುತ್ತಾರೆ. ಯಾರ ಮೇಲೆ ಅಂತ ಕೇಳಬೇಕು. ಬಟನ್‌ನಿಂದ, ಅದರ ಹಿಂದಿನ ಸೀಟಾದ ಕಟಾಫ್‌ನಿಂದ ಸಿಕ್ಕಾಪಟ್ಟೆ ತೆರೆಯುವವನು, ಅವನ ಸ್ಟ್ಯಾಕ್ (ಚಿಪ್ಪಿನ ರಾಶಿ) 20ರಿಂದ 35 ಬಿಬಿ. ಸೋತರೆ ಅವನಿಗೂ ನೋವಾಗಬೇಕು. 80 ಬಿಬಿ ಇಟ್ಟುಕೊಂಡವನು ಮಜಾಕ್ಕೆ ಕಾಲ್ ಮಾಡಿಬಿಡುತ್ತಾನೆ. ಎಲ್ಲರಿಗಿಂತ ಮೊದಲು ಆಡುವ ಸೀಟುಗಳಿಂದ ರೈಸ್ ಬಂದರೆ ಈ ಆಟ ಆಡುವುದೇ ಇಲ್ಲ. ಕೈ ಅಂದರೆ ಸಣ್ಣ ಎಕ್ಕ ಸೂಟೆಡ್, ಸಣ್ಣ ಜೋಡಿ, ರಾಜ-ರಾಣಿ, ಜಾಕಿ-ಹತ್ತು ಸೂಟೆಡ್. ಎಕ್ಕ-ಎಂಟು ಆಫ್‌ಸೂಟ್‌ಗಿಂತ (ಬೇರೆ ಬೇರೆ ಜಾತಿಯ ಎಲೆ) ಜಾಕಿ-ಹತ್ತು ಸೂಟೆಡ್ ನನಗೆ ಇಷ್ಟ. ಎಕ್ಕ-ರಾಜದ ಎದುರು ಸಿಕ್ಕಿಬಿದ್ದರೂ ಜಾಕಿ-ಹತ್ತಿಗೆ ನೂರಕ್ಕೆ 40 ಸಿಗುತ್ತದೆ, ಎಕ್ಕ-ಎಂಟಕ್ಕೆ 30ಕ್ಕಿಂತ ಕಡಿಮೆ. ಎದುರಾಳಿ ರೈಸ್ ಮಾಡಲು ತೆಗೆದುಕೊಳ್ಳುವ ಹೊತ್ತಿನ ಮೇಲೆ ನನ್ನದೊಂದು ಲೆಕ್ಕ ಇದೆ. ಅದನ್ನು ಇಲ್ಲಿ ಬಿಚ್ಚುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ತಳ್ಳುವ ಕೈಯಲ್ಲಿ ಕಾಲ್ ಮಾಡಬಾರದು. ಇದನ್ನು ಎಷ್ಟು ಸಲ ಹೇಳಿದರೂ ನಮ್ಮ ಗುಂಪಿನವರ ತಲೆಗೆ ಹೋಗುವುದಿಲ್ಲ. ಎಕ್ಕ-ಐದು ತಳ್ಳಿದ್ದು ಅದು ಒಳ್ಳೆ ಕೈ ಅಂತಲ್ಲ, ಅವನು ಬಿಡುತ್ತಾನೆ ಅಂತ. ಅವನೇ ಮೊದಲು ಆಲ್-ಇನ್ ಹೋಗಿದ್ದರೆ ಬಿಡಲು ಇನ್ಯಾರಿದ್ದಾರೆ?

ಇನ್ನು ದುಡ್ಡಿನ ಕಥೆ. ಈ ಪದ್ಧತಿ ಶುರು ಮಾಡಿದ್ದು 2023ರ ಅಕ್ಟೋಬರ್. ಅದೇ ತಿಂಗಳು ಡೆಪಾಸಿಟ್ ಮೇಲೆ 28% ಜಿಎಸ್‌ಟಿ ಬಂತು. ₹10,000 ಹಾಕಿದರೆ ಅದರಲ್ಲಿ ಸುಮಾರು ₹2,190 ತೆರಿಗೆ. ಒಂದಷ್ಟು ಬೋನಸ್ ಅಂತ ವಾಪಸ್ ಬರುತ್ತಿತ್ತು, ಅದನ್ನು ನೇರವಾಗಿ ತೆಗೆಯುವ ಹಾಗಿರಲಿಲ್ಲ. ಮೊದಲ ಆರೇಳು ತಿಂಗಳು ಬರೀ ಹೊಡೆತ. ಕಾದು ಆಡುವಾಗ ಸಿಗುತ್ತಿದ್ದ ಆ ಸಣ್ಣ ಮೊತ್ತವೂ ಕೈಬಿಟ್ಟು ಹೋಯಿತು. ಈ ಆಟದಲ್ಲಿ ಬಬಲ್ ಹತ್ತಿರವೇ, ಅಂದರೆ ದುಡ್ಡು ಸಿಗುವ ಹಂತಕ್ಕೆ ಸ್ವಲ್ಪ ಮುಂಚೆಯೇ, ಜಾಸ್ತಿ ಔಟ್ ಆಗುತ್ತೀರಿ. ₹35,000–40,000 ಹೋಯಿತು ಅನ್ನಿಸುತ್ತೆ. ಒಂದು ವಾರವಂತೂ ತಳ್ಳಿದಾಗಲೆಲ್ಲ ಎದುರಿಗೆ ಎಕ್ಕದ ಜೋಡಿ ಅಥವಾ ರಾಜನ ಜೋಡಿ. ತಳ್ಳುಗಾಡಿ ಪಂಕ್ಚರ್ ಆಯ್ತಾ ಅಂತ ಮೆಸೇಜ್ ಬರುತ್ತಿತ್ತು. ಬೈ-ಇನ್ ₹550ಕ್ಕೆ ಇಳಿಸಿದೆ, ಪದ್ಧತಿ ಬದಲಿಸಲಿಲ್ಲ. ಪ್ರತಿ ರಾತ್ರಿಯ ತಳ್ಳುಗಳನ್ನು ಮರುದಿನ ಕ್ಯಾಲ್ಕುಲೇಟರ್‌ಗೆ ಹಾಕಿ ನೋಡುತ್ತಿದ್ದೆ, ಹತ್ತಕ್ಕೆ ಎಂಟು ಸರಿ ಬರುತ್ತಿತ್ತು.

ಆ ಖಾಲಿ ತಿಂಗಳುಗಳಲ್ಲಿ ಬೇರೆ ಪ್ರಯೋಗಗಳನ್ನೂ ಮಾಡಿದೆ. 6 ಬಿಬಿ ಇದ್ದಾಗ ಬಿಗ್ ಬ್ಲೈಂಡ್‌ನಿಂದ ಬರೀ ಕಾಲ್ ಮಾಡಿ, ಫ್ಲಾಪ್ (ನಡುವೆ ಬಿಚ್ಚುವ ಮೊದಲ ಮೂರು ಕಾರ್ಡ್) ಏನೇ ಬಂದರೂ ಮೊದಲೇ ಆಲ್-ಇನ್ ಹೋಗುವ ಸ್ಟಾಪ್ ಅಂಡ್ ಗೋ. ಹಳೆಯವರು ಬಹಳ ಹೊಗಳುತ್ತಾರೆ. ಈಗಿನ ಹುಡುಗರು ಯಾವ ಸಣ್ಣ ಜೋಡಿ ಇದ್ದರೂ ಬಿಡುವುದಿಲ್ಲ, ನನಗಂತೂ ಕೈ ಹತ್ತಲಿಲ್ಲ. 9 ಬಿಬಿಯಲ್ಲಿ ದೊಡ್ಡ ಜೋಡಿಗೆ ಮಾತ್ರ ಸಣ್ಣ ರೈಸ್, ಉಳಿದದ್ದಕ್ಕೆಲ್ಲ ಆಲ್-ಇನ್ ಅಂತ ಮಾಡಿ ನೋಡಿದೆ. ಗೊತ್ತಿಲ್ಲದವರ ಎದುರು ಚೆನ್ನಾಗಿ ನಡೆಯುತ್ತದೆ, ದಿನಾ ಆಡುವವರು ಎರಡೇ ದಿನದಲ್ಲಿ ಹಿಡಿಯುತ್ತಾರೆ. ಸ್ಮಾಲ್ ಬ್ಲೈಂಡ್‌ನಿಂದ 12 ಬಿಬಿಯಲ್ಲಿ ಲಿಂಪ್ ಮಾಡುವುದು (ರೈಸ್ ಮಾಡದೆ ಬಿಗ್ ಬ್ಲೈಂಡ್‌ಗೆ ಸಮ ಹಾಕುವುದು) ಮಾತ್ರ ಇವತ್ತಿಗೂ ಇಟ್ಟುಕೊಂಡಿದ್ದೇನೆ, ಎದುರಿನವನು ಮೆತ್ತಗಿದ್ದರೆ. ಸ್ಯಾಟಲೈಟ್‌ಗೆ (ದೊಡ್ಡ ಟೂರ್ನಮೆಂಟ್‌ನ ಟಿಕೆಟ್‌ಗಾಗಿ ಆಡುವ ಆಟ) ಇದ್ಯಾವುದೂ ಬೇಡ. ಅಲ್ಲಿ ಎಲ್ಲರಿಗೂ ಒಂದೇ ಟಿಕೆಟ್. ನಿಮ್ಮ ಸೀಟು ಪಕ್ಕಾ ಅಂತಾದರೆ ಎಕ್ಕದ ಜೋಡಿಯನ್ನೂ ಫೋಲ್ಡ್ ಮಾಡಿ ಕೂತಿರಿ.

ಫೈನಲ್ ಟೇಬಲ್‌ನಲ್ಲಿ ತಳ್ಳುಗಾಡಿಗೂ ಬ್ರೇಕ್ ಬೇಕು. ₹1,100ರ ಒಂದು ಟೂರ್ನಮೆಂಟ್‌ನಲ್ಲಿ 5 ಜನ ಉಳಿದಿದ್ದೆವು. ನನ್ನ ಹತ್ತಿರ 11 ಬಿಬಿ, ಇನ್ನೊಬ್ಬನ ಹತ್ತಿರ ಬರೀ 3. ಎಲ್ಲರಿಗಿಂತ ದೊಡ್ಡ ಸ್ಟ್ಯಾಕ್‌ನವನು ಸ್ಮಾಲ್ ಬ್ಲೈಂಡ್‌ನಿಂದ ನನ್ನ ಮೇಲೆ ಆಲ್-ಇನ್. ಸಿಕ್ಕ ಸಿಕ್ಕ ಕೈಯಲ್ಲೆಲ್ಲ ಬರುತ್ತಿದ್ದಾನೆ ಅಂತ ಗೊತ್ತಿತ್ತು. ನನ್ನದು ರಾಜ-ಒಂಬತ್ತು. ಚಿಪ್ಪಿನ ಲೆಕ್ಕದಲ್ಲಿ ಕಾಲ್, ದುಡ್ಡಿನ ಲೆಕ್ಕದಲ್ಲಿ ಫೋಲ್ಡ್. ಫೋಲ್ಡ್ ಮಾಡಿದೆ. ಹಿಂದೆ ಕೂತು ನೋಡುತ್ತಿದ್ದ ಗೆಳೆಯ "ಈಗ ಯಾಕೋ ಹೆದರಿದೆ?" ಅಂದ. ಎರಡು ಮೂರು ಕೈಯಲ್ಲಿ 3 ಬಿಬಿಯವನು ಹೋದ. ಐದನೆಯವನಿಗೆ ₹21,000 ಇರಬೇಕು, ನಾಲ್ಕನೆಯವನಿಗೆ ₹29,000. ಸುಮ್ನೆ ಕೂತಿದ್ದಕ್ಕೆ ಎಂಟು ಸಾವಿರ. ಆಮೇಲೆ ಮೂರನೆಯವನಾಗಿ ಎದ್ದೆ.

ಗೆದ್ದ ಟೂರ್ನಮೆಂಟ್‌ನಲ್ಲಿ ₹80,000ದ ಹತ್ತಿರ ಬಂತು. ದುಡ್ಡು ತೆಗೆಯುವಾಗ ನಿವ್ವಳ ಗೆಲುವಿನ ಮೇಲೆ 30% ಟಿಡಿಎಸ್. ಹಿಂದಿನ ವರ್ಷದ ನಷ್ಟವನ್ನು ಇದರಲ್ಲಿ ಕಳೆಯಲು ಬಿಡುವುದಿಲ್ಲ. ಹಾಗಿದ್ದೂ ಎಲ್ಲ ಕಳೆದು ಒಂದು ಲಕ್ಷದ ಆಸುಪಾಸು ಉಳಿಯಿತು. ಕಾದು ಆಡಿದ ಒಂದೂವರೆ ವರ್ಷದಲ್ಲಿ ಉಳಿದದ್ದು ಸೊನ್ನೆಗಿಂತ ಕೆಳಗೆ, ನಮ್ಮ ತಾಳ್ಮೆಯ ಗುರುಗಳ ಲೆಕ್ಕವೂ ಅಷ್ಟೇ.

2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾಯ್ದೆ ಬಂದು ಆನ್‌ಲೈನ್‌ನಲ್ಲಿ ದುಡ್ಡಿಟ್ಟು ಆಡುವುದು ನಿಂತಿತು. ಈಗ ವರ್ಷಕ್ಕೆ ಒಂದೆರಡು ಸಲ ಗೋವಾಕ್ಕೆ ಹೋಗಿ ಮಾಂಡೋವಿ ನದಿ ಮೇಲಿನ ಕ್ಯಾಸಿನೋದಲ್ಲಿ ಕೂರುವುದಷ್ಟೇ. ಚಾರ್ಟ್ ಕೇಳುವವರೆಲ್ಲ ಅಲ್ಲಿಗೇ ಹೋಗುವವರು, ಅದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ಅಲ್ಲಿ ಗಂಟೆಗೆ 25–30 ಕೈ ಬಂದರೆ ಹೆಚ್ಚು, ಬ್ಲೈಂಡ್ ಏರುವ ಮುಂಚೆ ಎರಡು ಸುತ್ತೂ ಆಗುವುದಿಲ್ಲ. ಕಾಯಲು ಇನ್ನೂ ಕಡಿಮೆ ಅವಕಾಶ. ಆದರೆ ರಜೆಗೆ ಬಂದವರು ಫೋಲ್ಡ್ ಮಾಡಲು ಬಂದಿರುವುದಿಲ್ಲ, ಹತ್ತಕ್ಕೆ ನಾಲ್ಕು ಸಲ ಬಿಡುತ್ತಾರೆ ಅಂತ ನಂಬುವ ಹಾಗಿಲ್ಲ. ಅಲ್ಲಿ ನಾನು ಎಕ್ಕ-ಐದು, ಜಾಕಿ-ಹತ್ತು ಎರಡನ್ನೂ ಬಿಟ್ಟಿದ್ದೇನೆ. ಏಳರ ಜೋಡಿಯಿಂದ ಮೇಲೆ, ಎಕ್ಕ-ಹತ್ತರಿಂದ ಮೇಲೆ. ಅವರು ಕಾಲ್ ಮಾಡಲಿ ಅಂತಲೇ ತಳ್ಳುತ್ತೇನೆ.